ಲೈಸೆನ್ಸ್‌ಗಿಂತ ಮೊದಲು ಬಂದ ಬೈಕು: ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಥೆ

ಇವತ್ತಿನ ಎಪಿಸೋಡ್ ನಿಮ್ಮ ಪರ್ಸಿನಲ್ಲಿರೋ, ಅಥವಾ ಇರಬೇಕಾಗಿದ್ದ ಒಂದು ಸಣ್ಣ ಕಾರ್ಡಿನ ಬಗ್ಗೆ. ಡ್ರೈವಿಂಗ್ ಲೈಸೆನ್ಸ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕಿನ ಬಹಳಷ್ಟು ಜನರಿಗೆ ಬೈಕ್ ಕಲಿಯೋದು ಬೇರೆ, ಲೈಸೆನ್ಸ್ ಮಾಡಿಸೋದು ಬೇರೆ. ಕಲಿಕೆ ಮನೆ ಅಂಗಳದಲ್ಲೇ ಮುಗಿಯುತ್ತದೆ. ಲೈಸೆನ್ಸ್ ಮಾತ್ರ ದೂರದ ಊರಲ್ಲಿ. ಈ ಎರಡರ ನಡುವಿನ ಅಂತರ ಹೇಗೆ ಹುಟ್ಟಿತು, ಅದಕ್ಕೆ ಬೆಲೆ ಕೊಡುವವರು ಯಾರು ಅಂತ ನೋಡೋಣ.

ಮೊದಲು ಓಡಾಟದ ಚರಿತ್ರೆ. ಎನ್.ಆರ್.ಪುರದ ಹಳೇ ಹೆಸರು ಯಡೇಹಳ್ಳಿ. 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಭೇಟಿಯ ನೆನಪಿಗೆ ಈಗಿನ ಹೆಸರು ಬಂತು. ಒಂದು ಕಾಲದಲ್ಲಿ ತರೀಕೆರೆಯಿಂದ ಈ ಊರಿಗೆ ಸಣ್ಣ ಗೇಜಿನ ರೈಲಿತ್ತು ಅಂದರೆ ನಂಬ್ತೀರಾ? ಇವತ್ತು ಮೂರೂ ತಾಲೂಕಿನಲ್ಲಿ ಎಲ್ಲೂ ರೈಲಿಲ್ಲ. ಇರೋದು ರಸ್ತೆ ಮಾತ್ರ, ಅದೂ ಏರು, ಇಳಿಜಾರು, ತಿರುವು.

ರಸ್ತೆ ಅಂದರೆ ಬಸ್ಸು. ಬಸ್ಸು ಅಂದರೆ ಇಲ್ಲಿಯವರಿಗೆ ಬಹುಕಾಲ ಸಹಕಾರ ಸಾರಿಗೆ. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಂಘ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಬೇರೆಯವರು ಹೋಗದ ಹಳ್ಳಿಗೂ ಆ ಬಸ್ಸು ಹೋಗುತ್ತಿತ್ತು. 2020ರ ಫೆಬ್ರವರಿಯಲ್ಲಿ ಅದೂ ನಿಂತುಹೋಯಿತು. ಮುಂದಿನ ತಿಂಗಳೇ ಲಾಕ್‌ಡೌನ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾಯ್ತು, ನಿಜ. ಆದರೆ ಸರ್ಕಾರಿ ಬಸ್ಸೇ ಬರದ ಊರಲ್ಲಿ ಫ್ರೀ ಟಿಕೆಟ್ ತಗೊಂಡು ಏನು ಮಾಡೋದು ಮಾರಾಯ್ರೆ? ಹಾಗಾಗಿ ಇಲ್ಲಿ ಬೈಕು ಶೋಕಿಯಲ್ಲ. ಹಾಲು ಡೇರಿಗೆ ಹೋಗೋದು, ಮಗು ಶಾಲೆಗೆ ಹೋಗೋದು, ಅಜ್ಜಿ ಆಸ್ಪತ್ರೆಗೆ ಹೋಗೋದು ಎಲ್ಲಾ ಅದರ ಮೇಲೇ.

ಈಗ ಬೈಕಿನ ಕಡೆ ಬರೋಣ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂತು. ಆಮೇಲೆ ಅದೇ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಅದೂ ಎಡಗಡೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಕೆಳಗೆ ಬಿಟ್ಟರೆ ಗೇರ್. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಗೇರಿಲ್ಲ, ಭಾರವಿಲ್ಲ. ಕಾಲು ನೆಲಕ್ಕೆ ಎಟುಕುತ್ತದೆ. ಸೈಕಲ್ ಬರುವವರಿಗೆ ಇದೂ ಬಂತು. ಹೆಂಗಸರಿಗೆ, ವಯಸ್ಸಾದವರಿಗೆ ಗಾಡಿ ಸಿಕ್ಕಿದ್ದು ಇಂಥವುಗಳಿಂದ. 1990ರ ದಶಕದಲ್ಲಿ ಸ್ಕೂಟಿ ಬಂದಮೇಲಂತೂ ಕೇಳೋದೇ ಬೇಡ.

ಇದನ್ನೆಲ್ಲ ಎಲ್ಲಿ ಕಲಿಯೋದು? ಅಡಿಕೆ ಒಣಗಿಸೋ ಅಂಗಳದಲ್ಲಿ, ಶಾಲೆ ಮೈದಾನದಲ್ಲಿ. ಕಾನೂನಿನ ಒಂದು ಸ್ವಾರಸ್ಯ ಇಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಸೆಕ್ಷನ್ ಲೈಸೆನ್ಸ್ ಕೇಳೋದು ‘ಸಾರ್ವಜನಿಕ ಸ್ಥಳ’ದಲ್ಲಿ ಓಡಿಸೋಕೆ. ನಿಮ್ಮದೇ ಅಂಗಳದಲ್ಲಿ ಸುತ್ತು ಹಾಕಿದರೆ ಆ ಸೆಕ್ಷನ್ ಅಡ್ಡ ಬರೋದಿಲ್ಲ. ಉಣುಗೋಲು ದಾಟಿ ರಸ್ತೆಗೆ ಇಳಿದ ಕ್ಷಣದಿಂದ ಕಾರ್ಡು ಬೇಕು.

ಆ ಕಾರ್ಡು ಎಲ್ಲಿದೆ? ಮೂರೂ ತಾಲೂಕಿನಲ್ಲಿ ಆರ್‌ಟಿಒ ಆಫೀಸಿಲ್ಲ. ಜಿಲ್ಲಾ ಕಚೇರಿ, ಅಂದರೆ ಕೆಎ 18, ಚಿಕ್ಕಮಗಳೂರಿನಲ್ಲಿ. ಕೊಪ್ಪದಿಂದ ಸುಮಾರು 80 ಕಿ.ಮೀ. ಎಲ್‌ಎಲ್ ಮಾಡಿಸೋಕೆ ಒಂದು ಸಲ, ಕನಿಷ್ಠ 30 ದಿನ ಕಾದು ಆರು ತಿಂಗಳೊಳಗೆ ಟೆಸ್ಟಿಗೆ ಇನ್ನೊಂದು ಸಲ. ಫೇಲಾದರೆ ಮತ್ತೊಂದು ಸಲ. ಕೂಲಿಗೆ ಹೋಗುವವರಿಗೆ ಅಷ್ಟು ದಿನದ ಸಂಬಳ ಹೋಯಿತು, ಬಸ್ ಚಾರ್ಜ್ ಬೇರೆ. ತೋಟದ ಮನೆ ಹುಡುಗನಿಗೆ ಲೈಸೆನ್ಸ್ ಬೇಗ ಸಿಕ್ಕಿ, ಅದೇ ತೋಟಕ್ಕೆ ಕೆಲಸಕ್ಕೆ ಬರುವ ಹುಡುಗನಿಗೆ ಸಿಗದೇ ಹೋದರೆ ಅದಕ್ಕೆ ಕಾರಣ ಓಡಿಸೋ ಕೌಶಲವಲ್ಲ. ದೂರದ ತಾಲೂಕಿಗೆ ಇನ್ಸ್‌ಪೆಕ್ಟರ್ ಬಂದು ಕ್ಯಾಂಪ್ ಮಾಡೋ ಪದ್ಧತಿ ಕರ್ನಾಟಕದಲ್ಲಿ ಹುಟ್ಟಿದ್ದೇ ಈ ದೂರದಿಂದ. 2021ರ ನಂತರ ಎಲ್‌ಎಲ್ ಪರೀಕ್ಷೆಯನ್ನು ಆಧಾರ್ ಮೂಲಕ ಮನೆಯಲ್ಲೇ ಬರೆಯಬಹುದು. ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಬೇಕು, ಅಷ್ಟೇ!

ಇನ್ನು ಟೆಸ್ಟು. ಟೆಸ್ಟ್ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಎಂಟು. ಕಾಲು ಕೆಳಗಿಡದೆ ‘8’ ಹಾಕಿದರೆ ಪಾಸು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ತೆಗೆದು ಓದಿ. ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬರಬೇಕು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು ಅಂತ ಅದರಲ್ಲಿ ಬರೆದಿದೆ. ಮಲೆನಾಡಿಗೆಂದೇ ಬರೆದ ಹಾಗಿದೆ! ಸಮತಟ್ಟು ಮೈದಾನದಲ್ಲಿ ಎಂಟು ಹಾಕಿದವರಿಗೆ ಈ ಎರಡೂ ಬರುತ್ತೆ ಅಂತ ಹೇಗೆ ಹೇಳೋದು?

ಇದು ಬರೀ ನಿಯಮದ ಮಾತಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ, ನೆಮ್ಮಾರು, ಕೆರೆಕಟ್ಟೆ ದಾಟಿ ಕಾರ್ಕಳದ ಕಡೆ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡುವವರಿದ್ದಾರೆ. ಆಗ ಇಡೀ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದು ಹಿಡಿತ ಕಡಿಮೆಯಾಗುತ್ತದೆ. ಸೆಕೆಂಡ್ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಹಳೇ ಟೂ-ಸ್ಟ್ರೋಕ್‌ಗಳಲ್ಲಿ ಆ ಹಿಡಿತ ಕಡಿಮೆ. ಅದಕ್ಕೇ ಯೆಜ್ಡಿ ಓಡಿಸಿದ ಹಿರಿಯರು ಘಾಟಿಯಲ್ಲಿ ಅಷ್ಟು ನಿಧಾನ.

ಕೊನೆಗೆ ಬೆಲೆಯ ಪ್ರಶ್ನೆ. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ಹೋಗೋದು ಬರೀ ಪೊಲೀಸ್ ದಂಡವಲ್ಲ. ಎದುರಿನವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆ ದುಡ್ಡನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಮಾಲೀಕರೇ ಓಡಿಸುವಾಗ ಸತ್ತರೆ ಸಿಗುವ 15 ಲಕ್ಷದ ವಿಮೆಗೂ ಚಾಲ್ತಿಯಲ್ಲಿರೋ ಲೈಸೆನ್ಸ್ ಬೇಕು. ಗೇರಿಲ್ಲದ ಗಾಡಿಯ ಲೈಸೆನ್ಸ್ ಇಟ್ಟುಕೊಂಡು ಗೇರಿನ ಬೈಕ್ ಓಡಿಸಿದರೂ ತೊಂದರೆಯೇ, ಕಾನೂನಿನಲ್ಲಿ ಅವೆರಡು ಬೇರೆ ಬೇರೆ. ಅಮ್ಮನ ಸ್ಕೂಟಿ ಲೈಸೆನ್ಸ್ ಅಪ್ಪನ ಬೈಕಿಗೆ ನಡೆಯೋದಿಲ್ಲ.

ಪಿಯುಸಿ ಓದುವವರೇ, ಇದು ನಿಮಗೆ. 16 ವರ್ಷಕ್ಕೆ ಕಾನೂನು ಒಪ್ಪೋದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿ ಮಾತ್ರ, ಅದೂ ಪೋಷಕರ ಒಪ್ಪಿಗೆ ಇದ್ದರೆ. ಇವತ್ತಿನ ಪೆಟ್ರೋಲ್ ಸ್ಕೂಟರುಗಳು 100 ಸಿಸಿ ದಾಟಿವೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸಿಕ್ಕಿಬಿದ್ದ ಹುಡುಗನಿಗೆ, ಹುಡುಗಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ.

ಕಾನೂನು ಸರಿ. ಆದರೆ ರೈಲು ಹೋಯಿತು, ಸಹಕಾರ ಸಾರಿಗೆ ನಿಂತಿತು, ಕಾಲೇಜು ಅಲ್ಲೇ ಇದೆ. ಹದಿನೇಳರ ಹುಡುಗಿ ಅಲ್ಲಿಗೆ ಹೇಗೆ ಹೋಗಬೇಕು ಅನ್ನೋದಕ್ಕೆ ಯಾವ ಸೆಕ್ಷನ್ನಿನಲ್ಲೂ ಉತ್ತರ ಇಲ್ಲ. ಲೈಸೆನ್ಸ್ ಮಾಡಿಸಿ ಅಂತ ನಾನು ಖಂಡಿತ ಹೇಳ್ತೇನೆ. ಜೊತೆಗೆ ಬೆಳಗಿನ ಬಸ್ಸನ್ನೂ ಕೇಳಿ ಪಡೆಯಿರಿ. ಎರಡೂ ನಮ್ಮ ಹಕ್ಕು.

ನಿಮ್ಮೂರಿನಲ್ಲಿ ಮೊದಲು ಬಂದ ಬೈಕ್ ಯಾವುದು, ಓಡಿಸಿದವರು ಯಾರು ಅಂತ ಮನೆಯ ಹಿರಿಯರನ್ನು ಕೇಳಿ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಅಲ್ಲೀವರೆಗೆ ಇಳಿಜಾರಿನಲ್ಲಿ ಗೇರ್ ತೆಗೀಬೇಡಿ.