ಐವತ್ತರ ಗಡಿಯಲ್ಲಿ ಮತ್ತೆ ಮೋಟಾರ್ ಸೈಕಲ್: ಮೈಸೂರು, ಮುಂಬಯಿ ಮತ್ತು ನಾವು

ಠಾಣೆ, ಕಲ್ಯಾಣ, ಡೊಂಬಿವಲಿಗಳ ಚರಿತ್ರೆಯನ್ನು ಬರೆಯುವವರು ರೈಲಿನಿಂದಲೇ ಆರಂಭಿಸುತ್ತಾರೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಗಾಡಿ ಠಾಣೆಗೆ ಬಂದು ನಿಂತಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ನಮ್ಮವರ ಬದುಕೂ ಆ ಹಳಿಯ ಗುಂಟವೇ ಬೆಳೆಯಿತು. ಫೋರ್ಟಿನ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದವರು, ಬ್ಯಾಂಕು, ಗಿರಣಿ, ಕಾರ್ಖಾನೆಗಳಲ್ಲಿ ನೆಲೆ ಕಂಡವರು, ಸ್ವಂತದ್ದೊಂದು ಸೂರು ಬೇಕೆನಿಸಿದಾಗ ಕೈಗೆಟಕುವ ಬೆಲೆಯನ್ನು ಹುಡುಕಿಕೊಂಡು ಡೊಂಬಿವಲಿಗೆ ಬಂದರು. ಅವರ ಕಿಸೆಯಲ್ಲಿ ಸದಾ ಇದ್ದದ್ದು ಲೋಕಲ್ ರೈಲಿನ ಪಾಸು. ಈ ಚರಿತ್ರೆಯಲ್ಲಿ ಮೋಟಾರ್ ಸೈಕಲಿಗೆ ಅಡಿಟಿಪ್ಪಣಿಯ ಜಾಗವೂ ದೊರೆತಿಲ್ಲ.

ಆದರೆ ಇತ್ತೀಚಿನ ವರ್ಷಗಳಲ್ಲಿ ಭಾನುವಾರ ನಸುಕಿನಲ್ಲಿ ಕಲ್ಯಾಣದಿಂದ ಮುರ್ಬಾಡ್ ದಾರಿಯಾಗಿ ಮಾಳ್ಶೇಜ್ ಘಾಟಿಯತ್ತ ಹೋಗಿ ನೋಡಬೇಕು. ಚಹಾದಂಗಡಿಯ ಮುಂದೆ ಸಾಲಾಗಿ ನಿಂತ ಭಾರೀ ಗಾಡಿಗಳ ಸವಾರರು ಹೆಲ್ಮೆಟ್ ತೆಗೆದರೆ ಕೆಳಗೆ ಕಾಣುವುದು ಬಹುಪಾಲು ನರೆತ ಕೂದಲು. ಅವರಲ್ಲಿ ಒಬ್ಬಿಬ್ಬರಾದರೂ ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡುತ್ತಿರುತ್ತಾರೆ. ಮಕ್ಕಳು ದುಡಿಯತೊಡಗಿ, ಮನೆಯ ಸಾಲದ ಕಂತು ಮುಗಿದ ಮೇಲೆ ಹಳೆಯ ಆಸೆಯನ್ನು ಅಟ್ಟದಿಂದ ಇಳಿಸಿಕೊಂಡವರು ಇವರು. ನಾನೂ ಆ ಪಂಗಡಕ್ಕೆ ಸೇರಿದವನು.

ಆ ಆಸೆ ಎಲ್ಲಿ ಹುಟ್ಟಿತು ಎಂದು ಹುಡುಕಿದರೆ ದಾರಿ ಮೈಸೂರಿಗೆ ಹೋಗುತ್ತದೆ. ಅಲ್ಲಿಗೆ ಹೋಗುವ ದಾರಿ ಮುಂಬಯಿಯಿಂದಲೇ ಹೊರಟಿತ್ತೆಂಬುದು ಸ್ವಾರಸ್ಯದ ಸಂಗತಿ. 1950ರ ದಶಕದಲ್ಲಿ ಮುಂಬಯಿಯ ಇರಾನಿ ಮನೆತನದ ರುಸ್ತುಂ ಇರಾನಿಯವರು ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲುಗಳನ್ನು ತರಿಸಿ ಮಾರುತ್ತಿದ್ದರು. ವಿದೇಶೀ ವಾಹನಗಳ ಆಮದಿಗೆ ಸರಕಾರ ಕಡಿವಾಣ ಹಾಕಿದಾಗ, ಇಲ್ಲಿಯೇ ತಯಾರಿಸುವುದೆಂದು ನಿಶ್ಚಯಿಸಿ ಅವರು ಮೈಸೂರನ್ನು ಆರಿಸಿಕೊಂಡರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1961ರಿಂದ ಗಾಡಿಗಳು ಹೊರಬಂದವು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. ಇರಾನಿಗಳ ಮೂಲದೂರಾದ ಪರ್ಷಿಯಾದ ಯಜ್ದ್ ನಗರವನ್ನು ಅದು ನೆನಪಿಸುತ್ತದೆ. ಚೆಕ್ ಭಾಷೆಯಲ್ಲೂ ಅದೇ ಉಚ್ಚಾರದ ಮಾತಿಗೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥವಿದೆಯಂತೆ. ಹೆಸರಿಟ್ಟವರ ಮನಸ್ಸಿನಲ್ಲಿ ಎರಡೂ ಇದ್ದಿರಲಿ ಎಂದು ನನ್ನ ಹಾರೈಕೆ.

ಆ ಗಾಡಿಯನ್ನು ಓಡಿಸಿದವರಿಗೆ ಅದರ ವಿಚಿತ್ರಗಳೇ ಪ್ರಿಯ. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಹೌದು. ಎಂಜಿನ್ ಎಚ್ಚೆತ್ತ ಮೇಲೆ ಅದನ್ನು ಮುಂದಕ್ಕೆ ಮಡಚಿ ಗೇರು ಹಾಕಬೇಕು. ಕ್ಲಚ್ ಹಿಡಿಯದೆಯೂ ಗೇರು ಬದಲಾಗುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ ಮಸಿ ಹಿಡಿದು ಗಾಡಿ ಮುನಿಸಿಕೊಳ್ಳುತ್ತಿತ್ತು. ಅವಳಿ ಸೈಲೆನ್ಸರುಗಳಿಂದ ಹೊರಟ ಆ ನೀಲಿ ಹೊಗೆ, ಆ ಡುಗುಡುಗು ನಾದ ಮೈಸೂರು ಸೀಮೆಯ ಒಂದು ತಲೆಮಾರಿನ ಕಿವಿಯಲ್ಲಿ ಇನ್ನೂ ಉಳಿದಿವೆ. 1978ರಲ್ಲಿ ಬಂದ ರೋಡ್‌ಕಿಂಗ್ 250 ಸಿಸಿಯ ಎಂಜಿನಿನಿಂದ ಸುಮಾರು 16 ಅಶ್ವಶಕ್ತಿ ಕೊಡುತ್ತಿತ್ತು. ಅಂದಿನ ಮಟ್ಟಿಗೆ ಅದು ಸೊಕ್ಕಿನ ಗಾಡಿ.

ಅಂದಿನ ಶಕ್ತಿಯ ಅಳತೆಗಳನ್ನು ಇಂದು ನೆನೆದರೆ ನಗು ಬರುತ್ತದೆ. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ರದ್ದು 11 ಅಶ್ವಶಕ್ತಿ. ನೂರು ಕಿಲೋಗಿಂತ ತುಸುವೇ ಹೆಚ್ಚು ತೂಗುತ್ತಿದ್ದ ಅದು ಹುಡುಗರ ಎದೆಯಲ್ಲಿ ಎಬ್ಬಿಸಿದ ಗಾಳಿ ಅಷ್ಟಿಷ್ಟಲ್ಲ. ಅದಕ್ಕೂ ಎರಡು ವರ್ಷ ಮೊದಲು ಬಂದ ರಾಜ್‌ದೂತ್ 350 ಸುಮಾರು 30 ಅಶ್ವಶಕ್ತಿಯದು. ಬಜಾಜ್ ಸ್ಕೂಟರಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದ ದೇಶ ಅದನ್ನು ಅರಗಿಸಿಕೊಳ್ಳಲಾರದೆ ಹೋಯಿತು. ಪೆಟ್ರೋಲ್ ಕುಡಿಯುವ ಗಾಡಿಯೆಂದು ಮನೆಗಳು ಅದನ್ನು ಹೊರಗಿಟ್ಟವು. ಗೆದ್ದದ್ದು ಒಂದು ಲೀಟರಿಗೆ ಹೆಚ್ಚು ದೂರ ಓಡುವ ಹೀರೋ ಹೋಂಡಾ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಅದೇ ವರ್ಷಗಳಲ್ಲಿ ನಮ್ಮ ಪ್ರಾಯದವರು ಉದ್ಯೋಗಕ್ಕೆಂದು ಮುಂಬಯಿಗೆ ಬಂದು, ಊರಿನ ಗಾಡಿಯನ್ನು ಮಾರಿ, 8.17ರ ಲೋಕಲಿನ ಬಾಗಿಲಿಗೆ ಜೋತುಬಿದ್ದೆವು.

ಆ ಕಥೆಯ ಬಾಲವೂ ನಮ್ಮ ಓಣಿಗೇ ಬಂದು ಮುಟ್ಟಿದೆ. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರು ಮುಂಬಯಿಯಲ್ಲಿ ಕಟ್ಟಡ ನಿರ್ಮಾಣದ ಉದ್ಯಮಿ. ಠಾಣೆಯ ಮಾಜಿವಾಡದಲ್ಲಿ ಎದ್ದುನಿಂತ ರುಸ್ತುಂಜಿ ಬಡಾವಣೆಯ ಗೋಪುರಗಳು ಆ ಸಂಸ್ಥೆಯವೇ. ಅವರೂ ಮಹೀಂದ್ರಾ ಸಂಸ್ಥೆಯೂ ಕೂಡಿದ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರಿನಲ್ಲಿ ಜಾವಾವನ್ನೂ, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮರಳಿ ತಂದಿತು. ಯೆಜ್ಡಿ ಎಂಬ ಹೆಸರು ಯಾರದ್ದೆಂಬ ವ್ಯಾಜ್ಯ ಕರ್ನಾಟಕದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಹೊಸ ಗಾಡಿ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. 334 ಸಿಸಿ, ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್. ಹೊಗೆಯಿಲ್ಲ, ಡುಗುಡುಗು ಇಲ್ಲ. ಒಳ್ಳೆಯ ಗಾಡಿಯೇ, ನೆನಪನ್ನು ಕೊಳ್ಳಹೋದವರಿಗೆ ಮಾತ್ರ ನಿರಾಶೆ.

ಮಧ್ಯವಯಸ್ಸಿನ ಈ ಮರಳುವಿಕೆ ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿಯೇ ಇಂಥವರನ್ನು ‘ಮರುಹುಟ್ಟಿನ ಸವಾರರು’ ಎಂದು ಕರೆದು, ಅವರ ಅಪಘಾತಗಳ ಬಗ್ಗೆ ರಸ್ತೆ ಸುರಕ್ಷತೆಯವರು ತಲೆಕೆಡಿಸಿಕೊಂಡಿದ್ದರು. ಇಪ್ಪತ್ತರಲ್ಲಿ ಬಿಟ್ಟ ಸವಾರ ಐವತ್ತರಲ್ಲಿ ಮರಳಿದಾಗ ಅವನ ಕೈಯಲ್ಲಿ ಹಣವಿರುತ್ತದೆ. ಅಂಗಡಿಯಲ್ಲಿ ಅವನು ಕಂಡರಿಯದ ಶಕ್ತಿಯಿರುತ್ತದೆ. ಕಣ್ಣು, ಮಂಡಿ, ಪ್ರತಿಕ್ರಿಯೆಗಳು ಮಾತ್ರ ಮೊದಲಿನವಲ್ಲ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆಂಬ ಶಾಲೆಯ ಲೆಕ್ಕ ಮಾತ್ರ ಹಾಗೆಯೇ ಇದೆ. ಯುರೋಪಿನಲ್ಲಿ ಪರವಾನಗಿಗೇ ಮೆಟ್ಟಿಲುಗಳಿವೆ: ಮೊದಲು 125 ಸಿಸಿ, ಮುಂದೆ 35 ಕಿಲೋವಾಟ್‌ವರೆಗೆ, ಆಮೇಲೆ ಮಿತಿಯಿಲ್ಲ. ನಮ್ಮ ಕಾನೂನಿಗೆ ಗೇರುಳ್ಳ ಗಾಡಿಯೆಲ್ಲ ಒಂದೇ. ನೂರು ಸಿಸಿಗೆ ಕೊಟ್ಟ ಪರವಾನಗಿಯಲ್ಲೇ ಸಾವಿರ ಸಿಸಿಯನ್ನೂ ಓಡಿಸಬಹುದು. ನಾವು ಶಕ್ತಿಯ ತುದಿಯೆಂದು ಬಗೆಯುವ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ 47 ಅಶ್ವಶಕ್ತಿ ಎಂದರೆ ಹೆಚ್ಚುಕಡಿಮೆ ಅದೇ 35 ಕಿಲೋವಾಟ್, ಅಂದರೆ ಅಲ್ಲಿನ ನಡುವಿನ ಮೆಟ್ಟಿಲು!

ನಮ್ಮಲ್ಲಿ ಶಕ್ತಿಯ ಗಡಿ ಗುರುತಿಸುವುದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಶೇ. 18ರ ಜಿಎಸ್‌ಟಿ, ಅದನ್ನು ಮೀರಿದರೆ ಶೇ. 40. ಸವಾರನ ವಯಸ್ಸನ್ನಾಗಲಿ ಅನುಭವವನ್ನಾಗಲಿ ಆ ಲೆಕ್ಕ ಕೇಳುವುದಿಲ್ಲ.

ಗಾಡಿ ಆರಿಸುವಾಗ ನಾನು ಕಂಡುಕೊಂಡ ಒಂದು ಮಾತನ್ನು ಇಲ್ಲಿ ಹೇಳಬೇಕು. ಗೆಳೆಯರೆಲ್ಲ ಶಕ್ತಿಗೆ ಹೆದರಿಸುತ್ತಾರೆ, ತೂಕದ ಮಾತೆತ್ತುವುದಿಲ್ಲ. ‘ಸಾಧು’ ಎನಿಸಿಕೊಂಡ ಬುಲೆಟ್ 350 ತೂಗುವುದು 195 ಕಿಲೋ, ಇಂಟರ್‌ಸೆಪ್ಟರ್ 218. ಅಂದರೆ ಶಕ್ತಿ ಇಮ್ಮಡಿಗೂ ಮೀರಿದರೂ ತೂಕದಲ್ಲಿ ಅಂಥ ಅಂತರವಿಲ್ಲ. ಐವತ್ತು ದಾಟಿದವನು ಮೊದಲು ಬೀಳುವುದು ಹೆದ್ದಾರಿಯಲ್ಲಿ ಅಲ್ಲ, ಸೊಸೈಟಿಯ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳುವಾಗ. ಆದ್ದರಿಂದ ಅಂಗಡಿಯಲ್ಲಿ ವೇಗ ಕೇಳುವ ಮೊದಲು ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆಯೇ, ಒಬ್ಬನೇ ಹತ್ತು ಹೆಜ್ಜೆ ಹಿಂದೂಡಬಲ್ಲೆನೇ ಎಂದು ನೋಡಿದೆ. ಹಳೆಯ ಬುಲೆಟ್ಟಿನಲ್ಲಿ ಕಲಿತವರಿಗೆ ಇನ್ನೊಂದು ತೊಡಕುಂಟು: ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದವು. ಗಾಬರಿಯ ಕ್ಷಣದಲ್ಲಿ ಕಾಲು ಹಳೆಯ ಪಾಠವನ್ನೇ ಒಪ್ಪಿಸುತ್ತದೆ. 2019ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದು ನಮ್ಮಂಥವರ ಪುಣ್ಯ.

ಕಾನೂನು ಕಟ್ಟದ ಮೆಟ್ಟಿಲನ್ನು ನಾನೇ ಕಟ್ಟಿಕೊಂಡೆ. ಅಕ್ಕನ ಮಗನ 150 ಸಿಸಿಯನ್ನು ಒಂದು ಮಳೆಗಾಲ ಪೂರ್ತಿ ಕಲ್ಯಾಣ–ಶೀಲ್ ರಸ್ತೆಯಲ್ಲಿ, ಲಾರಿಗಳ ನಡುವೆ ಓಡಿಸಿದೆ. 2018ರ ಮಳೆಗಾಲದಲ್ಲಿ ಕಲ್ಯಾಣದ ರಸ್ತೆಗುಂಡಿಗಳು ಹಲವರ ಪ್ರಾಣ ತೆಗೆದದ್ದನ್ನು ನನ್ನ ಮನೆಯವಳು ಮರೆತಿರಲಿಲ್ಲ. ‘ನಿಮಗೆ ಗಾಡಿ ಓಡಿಸಲು ಬರುವುದಿಲ್ಲ ಎಂದಲ್ಲ, ರಸ್ತೆಗೆ ಅದು ಗೊತ್ತಿಲ್ಲವಲ್ಲ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕತ್ತಲಾದ ಮೇಲೆ ಓಡಿಸುವುದಿಲ್ಲ, ನೀರು ನಿಂತ ರಸ್ತೆಗೆ ಇಳಿಯುವುದಿಲ್ಲ ಎಂಬ ಎರಡು ಕರಾರಿನ ಮೇಲೆ 650 ಮನೆಗೆ ಬಂತು.

ಪುಣೆಯ ಎಕ್ಸ್‌ಪ್ರೆಸ್ ರಸ್ತೆಗೂ, 2024ರಲ್ಲಿ ತೆರೆದ ಅಟಲ್ ಸೇತುವೆಗೂ ನಮಗೆ ಪ್ರವೇಶವಿಲ್ಲ. ಎಂಜಿನ್ ಎಷ್ಟು ದೊಡ್ಡದಾದರೂ ಇರುವುದು ಎರಡೇ ಚಕ್ರ. ಆದರೆ ನವಿಮುಂಬಯಿ ದಾಟಿದರೆ ಸಿಗುವ ಪನ್ವೇಲಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66 ಕರ್ನಾಳದ ಕಾಡು, ಕಶೇಡಿಯ ಬೆಟ್ಟ, ಚಿಪಳೂಣ, ಗೋವಾಗಳನ್ನು ಹಾದು ಕಾರವಾರ, ಉಡುಪಿ, ಮಂಗಳೂರಿಗೆ ಹೋಗುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ಣಗೊಳ್ಳುವವರೆಗೆ ನಮ್ಮ ಹಿರಿಯರು ರಾತ್ರಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಈ ದಾರಿಯನ್ನು ನಿದ್ದೆಯಲ್ಲಿ ದಾಟಿದವರು. ಎಂಟುನೂರು ಕಿಲೋಮೀಟರಿಗೂ ಮಿಕ್ಕ ದೂರ. ಹಗಲಿನಲ್ಲಿ ಮಾತ್ರ ಓಡಿಸಿದರೆ ಮೂರು ದಿನ ಬೇಕು. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ.