ತಾಜಿಕಿಸ್ತಾನ: ನೆಲ, ಜನ, ಸಂಸ್ಕೃತಿ

ತಾಜಿಕಿಸ್ತಾನ ಮಧ್ಯ ಏಷ್ಯದ ಒಂದು ಗಣರಾಜ್ಯ. ರಾಜಧಾನಿ ದುಶಾನ್‌ಬೆ. ಪೂರ್ವದಲ್ಲಿ ಚೀನ, ದಕ್ಷಿಣದಲ್ಲಿ ಅಫ್ಘಾನಿಸ್ತಾನ, ಪಶ್ಚಿಮದಲ್ಲಿ ಉಜ್ಬೆಕಿಸ್ತಾನ, ಉತ್ತರದಲ್ಲಿ ಕಿರ್ಗಿಜ್‌ಸ್ತಾನಗಳಿವೆ. ಜನರಲ್ಲಿ ಬಹುಪಾಲು ಸುನ್ನಿ ಮುಸ್ಲಿಮರು. ತಾಜಿಕ್ ನುಡಿ ಪಾರಸಿಯದೇ ಒಂದು ರೂಪ. ಬರೆಯುವುದು ಸಿರಿಲಿಕ್ ಲಿಪಿಯಲ್ಲಿ.

ನೆಲ: ದೇಶದ ಶೇ. 90ಕ್ಕೂ ಹೆಚ್ಚು ಭಾಗ ಪರ್ವತಮಯ. ಸುಮಾರು ಅರ್ಧ ಭಾಗ 3,000 ಮೀ.ಗಿಂತ ಎತ್ತರದಲ್ಲಿದೆ. ಪಾಮಿರ್ ಶ್ರೇಣಿಯ ಇಸ್ಮಾಯಿಲ್ ಸೋಮೋನಿ ಶಿಖರದ ಎತ್ತರ 7,495 ಮೀ. ಇಲ್ಲಿಯ ಹಿಮನದಿಗಳ ನೀರು ಪಂಜ್, ವಖ್ಷ್ ನದಿಗಳಾಗಿ ಹರಿದು ಅಮು ದರಿಯಾವನ್ನು ತುಂಬಿಸುತ್ತದೆ. 1911ರ ಭೂಕಂಪದಲ್ಲಿ ಕುಸಿದ ಗುಡ್ಡವೊಂದು ಉಸೋಯ್ ಎಂಬ ಹಳ್ಳಿಯನ್ನು ಹೂತುಹಾಕಿ ಮುರ್ಗಾಬ್ ನದಿಗೆ ಅಡ್ಡಲಾಗಿ ನಿಂತಿತು. ಅದರ ಹಿಂದೆ ಮಡುಗಟ್ಟಿದ ನೀರೇ ಇಂದಿನ ಸಾರೆಜ್ ಸರೋವರ.

ಇತಿಹಾಸ: ಜರಫ್ಶಾನ್ ಕಣಿವೆಯ ಪಂಜಕೆಂಟ್ ಸೊಗ್ದಿಯನ್ ವರ್ತಕರ ನಗರವಾಗಿತ್ತು. ಅಲ್ಲಿಯ ಉತ್ಖನನದಲ್ಲಿ ಪಾರಸಿ ಕಥೆಗಳ ವೀರ ರುಸ್ತುಮನ ಸಾಹಸಗಳ ಜೊತೆಗೆ ಪಂಚತಂತ್ರದ ಕಥೆಗಳ ಭಿತ್ತಿಚಿತ್ರಗಳೂ ಸಿಕ್ಕಿವೆ. ಕನ್ನಡದಲ್ಲಿ ದುರ್ಗಸಿಂಹ ಸುಮಾರು 1031ರಲ್ಲಿ ಹೇಳಿದ ಕಥಾಪರಂಪರೆ ಅದಕ್ಕೂ ಮುನ್ನವೇ ಈ ಗೋಡೆಗಳನ್ನು ಏರಿತ್ತು. 722ರಲ್ಲಿ ಅರಬರ ಸೇನೆ ಮೇಲೆ ಬಿದ್ದಾಗ ಪಂಜಕೆಂಟಿನ ದೊರೆ ದೇವಾಶ್ತಿಚ್ ಮುಗ್ ಬೆಟ್ಟದ ಕೋಟೆಯಲ್ಲಿ ಆಶ್ರಯ ಪಡೆದು, ಸೋತು, ಕೊಲೆಯಾದ. ಅವನ ಕಡೆಯವರ ಕಾಗದಪತ್ರಗಳು ಸಾವಿರದ ಇನ್ನೂರು ವರ್ಷ ಅಲ್ಲೇ ಉಳಿದು 1932–33ರಲ್ಲಿ ಬೆಳಕಿಗೆ ಬಂದವು.

ಬುಖಾರಾದಿಂದ ಆಳಿದ ಸಾಮಾನಿ ಅರಸರ ಕಾಲ (819–999) ತಾಜಿಕರ ಪಾಲಿಗೆ ಹೊಂಬೆಳಕಿನದು. ಪಾರಸಿ ಕಾವ್ಯದ ಆದಿಪುರುಷನೆಂದು ಮಾನ್ಯನಾದ ರೂದಕಿ (ಮ. 941) ಪಂಜ್‌ರೂದ್ ಹಳ್ಳಿಯವನು. ಅವನು ಪಂಚತಂತ್ರದ ಅರಬ್ಬೀ ರೂಪವಾದ ಕಲೀಲಾ–ದಿಮ್ನಾ ಕಥೆಗಳನ್ನು ಪದ್ಯಕ್ಕೆ ತಂದ. ಅದರಲ್ಲಿ ಇಂದು ಉಳಿದಿರುವುದು ಬಿಡಿ ಪದ್ಯಗಳು ಮಾತ್ರ.

19ನೆಯ ಶತಮಾನದಲ್ಲಿ ರಷ್ಯದ ಹಿಡಿತ ಬಂತು. 1895ರ ಒಪ್ಪಂದದಲ್ಲಿ ಬ್ರಿಟನ್ ಮತ್ತು ರಷ್ಯ ಪಂಜ್ ನದಿಯನ್ನು ಗಡಿಯಾಗಿಸಿದಾಗ ಪಾಮಿರ್ ಸೀಮೆಯಾದ ಬದಖ್ಶಾನಿನ ಬಂಧುಬಳಗ ಎರಡು ದಡಗಳಲ್ಲಿ ಹಂಚಿಹೋಯಿತು. 1929ರಲ್ಲಿ ತಾಜಿಕಿಸ್ತಾನ ಸೋವಿಯತ್ ಗಣರಾಜ್ಯವಾಯಿತು; ತಾಜಿಕ್ ಸಂಸ್ಕೃತಿಯ ತವರಾದ ಸಮರಕಂದ, ಬುಖಾರಾ ನಗರಗಳು ಉಜ್ಬೆಕಿಸ್ತಾನದಲ್ಲೇ ಉಳಿದವು. ಸೋಮವಾರದ ಸಂತೆಯಿಂದ ಹೆಸರು ಪಡೆದ ದುಶಾನ್‌ಬೆ ಹಳ್ಳಿ ರಾಜಧಾನಿಯಾಗಿ ಬೆಳೆಯಿತು. 1991ರ ಸೆಪ್ಟೆಂಬರ್ 9ರಂದು ಸ್ವಾತಂತ್ರ್ಯ ಬಂದರೂ ಮರುವರ್ಷವೇ ಹೊತ್ತಿದ ಅಂತರ್ಯುದ್ಧ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡು 1997ರ ಶಾಂತಿ ಒಪ್ಪಂದದೊಂದಿಗೆ ನಿಂತಿತು. ಇಂದಿಗೂ ಲಕ್ಷಾಂತರ ಯುವಕರು ದುಡಿಮೆಗಾಗಿ ರಷ್ಯಕ್ಕೆ ಹೋಗುತ್ತಾರೆ. ಎಷ್ಟೋ ಹಳ್ಳಿಗಳ ಒಲೆ ಉರಿಯುವುದು ಅವರು ಕಳಿಸುವ ಹಣದಿಂದ.

ಜನ, ಸಂಸ್ಕೃತಿ: ನವ್‌ರೋಜ್ (ಹೊಸ ವರ್ಷ) ದೊಡ್ಡ ಹಬ್ಬ. ರೊಟ್ಟಿಗೆ ಅಪಾರ ಗೌರವ. ಅದನ್ನು ಮಗುಚಿ ಇಡಬಾರದು, ನೆಲಕ್ಕೆ ಬೀಳಿಸಬಾರದು. ಪಾಮಿರಿನ ಇಸ್ಮಾಯಿಲಿ ಪಂಥದವರು ಶುಗ್ನಿ, ವಾಖಿ ಮೊದಲಾದ ಪ್ರತ್ಯೇಕ ನುಡಿಗಳನ್ನಾಡುತ್ತಾರೆ. ಅವರ ಮನೆ ‘ಚಿದ್’ ಹೊರಗಿನಿಂದ ಮಣ್ಣು ಕಲ್ಲಿನ ಸಾದಾ ಕಟ್ಟಡ. ಒಳಗೆ ಐದು ಮರದ ಕಂಬಗಳು ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಇವರ ಹೆಸರಿನಲ್ಲಿ ನಿಂತಿವೆ. ಮಾಡಿನ ನಡುವೆ ಒಂದರ ಮೇಲೊಂದು ಓರೆಯಾಗಿ ಕೂರಿಸಿದ ನಾಲ್ಕು ಮರದ ಚೌಕಟ್ಟುಗಳ ಬೆಳಕಿಂಡಿ. ಅವು ಮಣ್ಣು, ನೀರು, ಗಾಳಿ, ಬೆಂಕಿಯ ಸಂಕೇತ. ಇಸ್ಲಾಮಿಗಿಂತ ಹಳೆಯ ನಂಬಿಕೆಯೂ ಇಸ್ಲಾಮೂ ಒಂದೇ ಸೂರಿನಡಿ ಬಾಳುತ್ತಿವೆ.

ಬಯಲಿನಲ್ಲಿ ಅಳಿದುಹೋದ ಸೊಗ್ದಿಯನ್ ನುಡಿಯ ಕುಡಿ ಯಗ್ನೋಬ್ ಕಣಿವೆಯಲ್ಲಿ ಉಳಿದುಬಂತು. 1970ರಲ್ಲಿ ಸೋವಿಯತ್ ಆಡಳಿತ ಆ ಕಣಿವೆಯ ಜನರನ್ನು ಬಲವಂತವಾಗಿ ಎಬ್ಬಿಸಿ ಬಯಲಿನ ಹತ್ತಿ ಹೊಲಗಳಿಗೆ ಸಾಗಿಸಿತು. ಅನೇಕರು ಬಿಸಿಲು ಬೇನೆಗಳಿಗೆ ತುತ್ತಾದರು. ಆದರೂ ಮುಂದೆ ಕೆಲವು ಕುಟುಂಬಗಳು ಬೆಟ್ಟ ಹತ್ತಿ ಮರಳಿದವು. ಮುಗ್ ಬೆಟ್ಟದ ಪತ್ರಗಳ ಭಾಷೆಗೆ ಹತ್ತಿರದ ನುಡಿಯಲ್ಲಿ ಅಲ್ಲಿ ಇಂದಿಗೂ ತಾಯಂದಿರು ಮಕ್ಕಳನ್ನು ಕರೆಯುತ್ತಾರೆ.