ವಡ್ಡಾರಾಧನೆಯ ಕಥಾಪರಿಭಾಷೆ: ನಿದಾನ ಮತ್ತು ಉಪಸರ್ಗ

ಪ್ರಾಕೃತ ಗಾಹೆಗಳಿಂದ ತೊಡಗುವ ವಡ್ಡಾರಾಧನೆಯ 19 ಕಥೆಗಳನ್ನು ‘ವಸ್ತು’, ‘ಸಂಘರ್ಷ’ ಮೊದಲಾದ ಆಧುನಿಕ ಪದಗಳಿಂದಷ್ಟೇ ಅಳೆದರೆ ಅವುಗಳ ಕಾರ್ಯಕಾರಣಸಂಬಂಧವು ಕೈತಪ್ಪುತ್ತದೆ. ಸುಕುಮಾರಸ್ವಾಮಿಯ ಕಥೆಯೇ ಇದಕ್ಕೆ ನಿದರ್ಶನ. ಧ್ಯಾನಸ್ಥನಾದ ಮುನಿಯನ್ನು ಹೆಣ್ಣುನರಿಯೊಂದು ಮರಿಗಳೊಡನೆ ಕಾಲಿನಿಂದ ಮೊದಲ್ಗೊಂಡು ತಿನ್ನುತ್ತದೆ. ದೇವ, ಮನುಷ್ಯ, ತಿರ್ಯಕ್, ಅಚೇತನಕೃತಗಳೆಂಬ ನಾಲ್ಕು ಉಪಸರ್ಗಗಳಲ್ಲಿ ಇದು ತಿರ್ಯಕ್ಕೃತ. ಇದನ್ನು ಆಕಸ್ಮಿಕವೆಂದು ಬಗೆದವರಿಗೆ ಪೂರ್ವಭವದ ವೃತ್ತಾಂತವು ಅನವಶ್ಯಕವಾದ ಉಪಕಥೆಯಾಗಿ ತೋರೀತು. ಆದರೆ ವಾಯುಭೂತಿಯಾಗಿದ್ದಾಗ ಆತನು ಅತ್ತಿಗೆಯನ್ನು ಒದೆದಿದ್ದನು. ಆ ಕಾಲನ್ನೇ ತಿನ್ನುವೆನೆಂದು ಆಕೆ ಮಾಡಿದ ನಿದಾನವೇ ಕಥೆಯ ಬೀಜ. ಭವಾವಳಿಯು ಅದರ ವಿಸ್ತಾರ, ಉಪಸರ್ಗವು ಅದರ ಫಲೋದಯ. ಅದನ್ನು ಸಮಭಾವದಿಂದ ಸಹಿಸಿ ಪಡೆದ ಸಮಾಧಿಮರಣವೇ ಕಥೆಯ ನಿರ್ವಹಣ. ಆದುದರಿಂದ ಪುನರುಕ್ತಿಯೆಂದು ಭವಾವಳಿಯನ್ನು ಕೈಬಿಡುವ ಸಂಗ್ರಹಕಾರನು ಕಥೆಯ ಬೇರನ್ನೇ ಕಡಿದಂತಾಗುತ್ತದೆ.